ಮೂರರಿಂದ ಒಂದೂವರೆಗೆ

ಮೇಷ್ಟ್ರು ತೀರಿಕೊಂಡ ಹನ್ನೆರಡನೇ ದಿನ ಅವರ ಹೆಂಡತಿ ನನ್ನ ಕೈಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಒಳಗೆ ಸ್ಯಾಕ್ಸೊಫೋನಿನ ರೀಡುಗಳಿದ್ದವು. ಬಸ್ಸಿನಲ್ಲಿ ಕೂತು ಎಣಿಸಿದೆ: ಅರವತ್ತೆಂಟು. ತುದಿ ಮುರಿದವು ಏಳು, ತುದಿ ಅಲೆಯ ಹಾಗೆ ಸೊಟ್ಟಗಾದವು ನಾಲ್ಕು. ಉಳಿದ ಐವತ್ತೇಳನ್ನು ರೂಮಿಗೆ ತಂದು ತೊಳೆದು ಒಣಗಿಸಿ, ಮೂರು ದಿನ ಕೂತು ಒಂದೊಂದನ್ನೇ ಊದಿ ನೋಡಿದೆ. ಐವತ್ತೇಳೂ ಚೆನ್ನಾಗಿ ನುಡಿದವು.

ಅವೆಲ್ಲ ಕೆಟ್ಟಿವೆ ಎಂದು ಮೇಷ್ಟ್ರು ಬಿಸಾಡಿದ ರೀಡುಗಳು. ಅವರು ಬಿಸಾಡಿದ್ದನ್ನು ದೊಡ್ಡಮ್ಮ ಗುಡಿಸುವಾಗ ಆರಿಸಿ ಎತ್ತಿಟ್ಟಿದ್ದರು. ಮೇಷ್ಟ್ರ ಹೆಂಡತಿಯನ್ನು ನಾನು ದೊಡ್ಡಮ್ಮ ಎಂದೇ ಕರೆಯುವುದು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಶಿಡ್ಲಘಟ್ಟದಲ್ಲಿ, ರೇಷ್ಮೆ ನೂಲು ತೆಗೆಯುವ ಒಂದು ಮನೆಯ ಪಕ್ಕದ ಎರಡು ಕೋಣೆಯಲ್ಲಿ ಇದ್ದರು. ಬೆಂದ ರೇಷ್ಮೆಗೂಡಿನ ವಾಸನೆ ಗೋಡೆ ದಾಟಿ ಬರುತ್ತಿತ್ತು. ಮದುವೆಯ ಕಾಲದಲ್ಲಿ ಛತ್ರಗಳಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದರು; ಉಳಿದ ದಿನ ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ಕಡೆಯ ವಾದ್ಯದವರು ನಾದ ಕೆಟ್ಟಿತೆಂದು ತಂದ ಸ್ಯಾಕ್ಸೊಫೋನುಗಳನ್ನು ನೋಡುತ್ತಿದ್ದರು. ಎಲ್ಲರಿಗೂ ಅವರು ಮೇಷ್ಟ್ರೇ. ಹೆಸರು ಬರೆಯಬೇಡ ಎಂದಿದ್ದಾರೆ ದೊಡ್ಡಮ್ಮ. ನನ್ನ ನೋಟ್‌ಬುಕ್ಕಿನಲ್ಲೂ ಅವರು ‘ಮೇ.’ ಅಷ್ಟೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಯಾಕ್ಸೊಫೋನಿನಲ್ಲಿ ಬಾಯಿಗೆ ಇಟ್ಟುಕೊಳ್ಳುವ ಕರಿಯ ತುಂಡು ಮೌತ್‌ಪೀಸ್. ಅದರ ಅಡಿಗೆ ಜೊಂಡಿನ ತೆಳುವಾದ ಪಟ್ಟಿಯೊಂದನ್ನು ಇಟ್ಟು ಕ್ಲಿಪ್ಪಿನಿಂದ ಬಿಗಿಯುತ್ತಾರೆ, ಅದೇ ರೀಡ್. ಕೆಳತುಟಿಯನ್ನು ಹಲ್ಲಿನ ಮೇಲೆ ಮಡಿಸಿ, ಅದರ ಮೇಲೆ ರೀಡನ್ನು ಒತ್ತಿ ಊದಬೇಕು. ರೀಡ್ ನಡುಗಿದರೆ ನಾದ. ರೀಡಿಗೆ ನಂಬರ್ ಇರುತ್ತದೆ. ನಂಬರ್ ಹೆಚ್ಚಿದಷ್ಟೂ ಗಡಸು, ಗಡಸಾದಷ್ಟೂ ತುಟಿಯಲ್ಲಿ ಬಲ ಬೇಕು. ಮೇಷ್ಟ್ರು ನುಡಿಸುತ್ತಿದ್ದದ್ದು ಮೂರನೇ ನಂಬರ್.

ನಾನು ಗೌರಿಬಿದನೂರಿನ ಹತ್ತಿರ, ಕುಡುಮಲಕುಂಟೆಯ ಒಂದು ಬಟ್ಟೆ ಕಾರ್ಖಾನೆಯಲ್ಲಿ ಚೆಕಿಂಗ್ ಟೇಬಲ್ಲಿನಲ್ಲಿದ್ದೇನೆ. ಹೊಲಿಗೆ ಬಿಟ್ಟದ್ದೆಷ್ಟು, ಗುಂಡಿ ತಪ್ಪಿದ್ದೆಷ್ಟು, ಕಲೆಯಾದದ್ದೆಷ್ಟು ಎಂದು ಗೆರೆ ಹಾಕಿ ಎಣಿಸುವುದೇ ಕೆಲಸ. ಸ್ಯಾಕ್ಸೊಫೋನ್ ಕಲಿಯಲು ಸೇರಿದಾಗ ಮಂಡಿಕಲ್ ಕಡೆ ಇರುವ ನಮ್ಮಪ್ಪ, “ಹೊಲ ಮನೆ ಇರೋರ ಮಗಳು ಛತ್ರದಲ್ಲಿ ಕೂತು ಊದ್ತಾಳಂತೆ” ಎಂದು ಎರಡು ತಿಂಗಳು ಮಾತು ಬಿಟ್ಟಿದ್ದರು. ಕಲಿತ ಮೇಲೆ ನನ್ನ ಸ್ಯಾಕ್ಸೊಫೋನ್ ಊದುವಾಗ ನಡುನಡುವೆ ಕೀಚ್ ಎಂದು ಕೀರಲು ಶುರುವಾಯಿತು. ಆಗ ಯಾರೋ ಹೇಳಿ ಮೇಷ್ಟ್ರ ಹತ್ತಿರ ಹೋದೆ.

ಹೋಗುವಾಗ ಪಟ್ಟಿ ಬರೆದುಕೊಂಡು ಹೋಗಿದ್ದೆ. ಮೂರು ವಾರದಲ್ಲಿ ಎಷ್ಟು ಸಲ ಕೀರಿತು, ಯಾವ ಸ್ವರದಲ್ಲಿ, ಯಾವ ದಿನ. ಅವರು ಕನ್ನಡಕ ಏರಿಸಿ ಓದಿದರು.

“ಏನಮ್ಮಾ ಇದು, ಜ್ವರದ ಚೀಟಿ ಇದ್ದಂಗೈತೆ! ಆಸ್ಪತ್ರೆ ಅಂತ ತಪ್ಪಾಗಿ ಬಂದ್ಯಾ?”

“ಅಲ್ಲ ಮೇಷ್ಟ್ರೇ, ಗೊತ್ತಾಗ್ಲಿ ಅಂತ…”

“ನಲವತ್ತೊಂದು ಸಲ ಕೀರ್ತಾ? ಅದೂ ಎಣಿಸಿದೀಯಾ? ಎಲಾ ಇವಳ! ನಾನಾಗಿದ್ರೆ ನಾಕನೇ ಸಲಕ್ಕೇ ಕೆರೆಗೆ ಎಸೀತಿದ್ದೆ.”

ಮೌತ್‌ಪೀಸ್ ಬಿಚ್ಚಿ ನೋಡಿದವರೇ ಕ್ಲಿಪ್ಪಿನ ತಿರುಪನ್ನು ಬೆರಳಲ್ಲಿ ಮುಟ್ಟಿ, “ಇದೇನು ಲಾರಿ ಚಕ್ರದ ಬೋಲ್ಟಾ, ಹಿಂಗೆ ಬಿಗಿದಿದೀಯ? ರೀಡ್‌ಗೂ ಉಸಿರಾಡಕ್ಕೆ ಬಿಡಮ್ಮ” ಎಂದರು. ಕ್ಲಿಪ್ಪು ತೆಗೆದು ಪಕ್ಕಕ್ಕಿಟ್ಟು, ಹುರಿ ಮಾಡಿದ ರೇಷ್ಮೆ ದಾರವನ್ನು ರೀಡಿನ ಸುತ್ತ ಹದಿನಾಲ್ಕು ಸುತ್ತು ಸುತ್ತಿ ಗಂಟು ಹಾಕಿದರು. ಸುತ್ತು ನಾನು ಎಣಿಸಿದ್ದು. ಊದಿದರೆ ಕೀರಲೇ ಇಲ್ಲ.

ಮಾರನೇ ಭಾನುವಾರದಿಂದ ನಾನು ಅವರ ಮನೆಗೆ ಹೋಗತೊಡಗಿದೆ. ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಶಿಡ್ಲಘಟ್ಟಕ್ಕೆ ಇನ್ನೊಂದು. ಎರಡು ವರ್ಷ ಮೂರು ತಿಂಗಳಲ್ಲಿ ತೊಂಬತ್ತಾರು ಭಾನುವಾರ.

ಅವರ ಕೆಲಸಕ್ಕೆ ಒಂದು ಕ್ರಮವಿತ್ತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಮೊದಲು ರೀಡ್: ಬಟ್ಟಲಿನ ನೀರಲ್ಲಿ ನೆನೆಸಿ, ಗಾಜಿನ ಮೇಲೆ ಅಂಗಾತ ಇಟ್ಟು, ಬೆಳಕಿಗೆ ಹಿಡಿದು ನೋಡಬೇಕು. ಆಮೇಲೆ ಮೌತ್‌ಪೀಸ್: ಸವೆದಿದೆಯೇ, ಬಿರುಕಿದೆಯೇ, ಒಳಗೆ ಏನಾದರೂ ಕೂತಿದೆಯೇ. ಆಮೇಲೆ ಕ್ಲಿಪ್. ಆಮೇಲೆ ಮೌತ್‌ಪೀಸ್ ಕೂರುವ ಕಡೆಯ ಕಾರ್ಕ್, ಗಾಳಿ ಸೋರುತ್ತಿದೆಯೇ ಎಂದು. ಮೌತ್‌ಪೀಸಿನ ಹಿಂಬದಿಯನ್ನು ಅಂಗೈಯಿಂದ ಮುಚ್ಚಿ, ಬಾಯಿಂದ ಗಾಳಿ ಎಳೆದು, ತುಟಿಯಿಂದ ಬಿಡಿಸಿ ಕಾಯುತ್ತಿದ್ದರು. ಎರಡು ಮೂರು ಕ್ಷಣ ಹಿಡಿದುಕೊಂಡಿದ್ದು ರೀಡ್ ‘ಟಪ್’ ಎಂದು ಬಿಟ್ಟುಕೊಂಡರೆ ರೀಡಿನ ಅಂಚಿನಲ್ಲಿ ಗಾಳಿ ಸೋರುವುದಿಲ್ಲ ಎಂದರ್ಥ. ಆ ಟಪ್ ಸದ್ದಿಗೆ ಅವರ ಹುಬ್ಬು ಒಂದು ಸಲ ಮೇಲೆ ಹೋಗಿ ಬರುತ್ತಿತ್ತು.

ಒಮ್ಮೆ ಚಿಂತಾಮಣಿಯ ಛತ್ರದಲ್ಲಿ ಸರಿಯಾಗಿ ಮಾಂಗಲ್ಯದ ಹೊತ್ತಿಗೆ ಇನ್ನೊಬ್ಬ ವಾದ್ಯದವನ ಸ್ಯಾಕ್ಸೊಫೋನ್ ಕಾಗೆಯ ಹಾಗೆ ಕೂಗಿತು. ಹೆಣ್ಣಿನ ಸೋದರಮಾವ ಎದ್ದು ಬಂದು ಅಪಶಕುನ ಎಂದು ಕೂಗಾಡಿದ. ಮೇಷ್ಟ್ರು ಮೌತ್‌ಪೀಸ್ ಬಿಚ್ಚಿ, ಒಳಗಿನಿಂದ ಪಿನ್ನಿನಲ್ಲಿ ಒಂದು ಕೆಂಪು ಪೊರೆ ತೆಗೆದು, ಮಾವನ ಅಂಗೈ ಮೇಲೆ ಇಟ್ಟರು. “ಅಪಶಕುನ ಅಲ್ಲ ಸ್ವಾಮಿ, ನೀವು ಬೆಳಿಗ್ಗೆ ತಿಂಡಿಗೆ ಕೊಟ್ರಲ್ಲ ಚಿತ್ರಾನ್ನ, ಅದರ ಕಡ್ಲೆಕಾಯಿ ಸಿಪ್ಪೆ. ಚಿತ್ರಾನ್ನ ಮಾತ್ರ ಫಸ್ಟ್‌ಕ್ಲಾಸ್.” ಮಾವನೂ ನಕ್ಕುಬಿಟ್ಟ.

ನಾನು ಇವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆಯತೊಡಗಿದೆ. ರೀಡ್, ಮೌತ್‌ಪೀಸ್, ಕ್ಲಿಪ್, ಕಾರ್ಕ್ ಎಂದು ನಾಲ್ಕು ಕಾಲಂ. ಐದನೆಯದಕ್ಕೆ ‘ಊದುವವರು’ ಎಂದು ಬರೆದೆ. ಹಲ್ಲು, ತುಟಿ, ಉಸಿರು, ಇವುಗಳಿಂದಲೂ ನಾದ ಕೆಡುತ್ತದಲ್ಲ. ಮೇಷ್ಟ್ರು ಅದನ್ನು ನೋಡಿ, “ಇರ್ಲಿ ಬಿಡು. ಮನುಷ್ಯನ್ನ ಕಡೇಗೆ ನೋಡ್ಬೇಕು” ಎಂದರು.

ಅದರ ಅರ್ಥ ನನಗೆ ತಿಳಿದದ್ದು ಕೆಂಚಾರ್ಲಹಳ್ಳಿಯ ವಾದ್ಯದವರೊಬ್ಬರು ಬಂದ ದಿನ. ಊರಲ್ಲಿ ಹಿಪ್ಪುನೇರಳೆ ತೋಟ, ಹುಳು ಸಾಕಣೆ. ಮದುವೆ ಕಾಲದಲ್ಲಿ ಸ್ಯಾಕ್ಸೊಫೋನ್. ವಯಸ್ಸು ಅರವತ್ತರ ಹತ್ತಿರ. ಮೂರನೇ ನಂಬರ್ ನುಡಿಸುತ್ತಿದ್ದವರು, ಮೇಲಿನ ಸ್ವರ ಏಳುತ್ತಿಲ್ಲ ಎಂದರು. ಮಾತಾಡುವಾಗ ಅವರ ಮುಂದಿನ ಹಲ್ಲು ಅಲ್ಲಾಡುವುದು ನನಗೇ ಕಾಣುತ್ತಿತ್ತು. ಮೇಷ್ಟ್ರು ರೀಡನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಈ ಬ್ಯಾಚೇ ಸರಿ ಇಲ್ಲ ಕಣಯ್ಯ. ನನ್ಗೂ ಇದೇ ಗೋಳು. ಎರಡೂವರೆ ಹಾಕ್ಕೊಡ್ತೀನಿ, ಈ ಸೀಸನ್ ದಬ್ಬು.”

“ಅದೇ ಅನ್ಕೊಂಡೆ ಮೇಷ್ಟ್ರೇ! ನನ್ ಮಗ ನನ್ಗೇ ವಯಸ್ಸಾಯ್ತು ಅಂತಾನೆ.”

“ಅವನ್ಗೇನು ಗೊತ್ತು ಮಣ್ಣು.”

ಮೌತ್‌ಪೀಸಿನ ಮೇಲೆ, ಹಲ್ಲು ಊರುವ ಕಡೆ, ಸೈಕಲ್ ಟ್ಯೂಬಿನ ಸಣ್ಣ ತುಂಡು ಅಂಟಿಸಿ ಕೊಟ್ಟರು. ಆತ ಖುಷಿಯಿಂದ ಹೋದ ಮೇಲೆ ನಾನು, “ಮೇಷ್ಟ್ರೇ, ರೀಡ್ ಚೆನ್ನಾಗೇ ಇತ್ತು. ಹಲ್ಲು ಅಲ್ಲಾಡ್ತಿದೆ” ಎಂದೆ.

“ಅವನ ಹಲ್ಲು ಅವನಿಗೆ ಗೊತ್ತಿಲ್ವೇನಮ್ಮಾ? ನಾವ್ಯಾಕೆ ಬಾಯಿಬಿಟ್ಟು ಹೇಳ್ಬೇಕು? ವಾದ್ಯದವನಿಗೆ ನಿನ್ ಬಾಯಿ ಹೋಯ್ತು ಅಂದ್ರೆ ಅವನು ಊಟ ಮಾಡ್ತಾನಾ ಅವತ್ತು?”

“ಹಂಗಾದ್ರೆ ಐದನೇ ಕಾಲಂನಲ್ಲಿ ಏನ್ ಬರೀಲಿ?”

“ಖಾಲಿ ಬಿಡು.”

ಖಾಲಿ ಬಿಟ್ಟೆ. ನೂರ ಹನ್ನೆರಡು ವಾದ್ಯಗಳನ್ನು ನೋಡಿದ ಲೆಕ್ಕ ನನ್ನ ಬಳಿ ಇದೆ. ಐದನೇ ಕಾಲಂ ಉದ್ದಕ್ಕೂ ಬರಿದು.

ಮೇಷ್ಟ್ರಿಗೆ ಎಲೆ ಅಡಿಕೆ ಅಭ್ಯಾಸ, ಜೊತೆಗೆ ಚಿಟಿಕೆ ಹೊಗೆಸೊಪ್ಪು. ಆದರೆ ನುಡಿಸುವ ದಿನ ಮುಟ್ಟುತ್ತಿರಲಿಲ್ಲ, ರೀಡಿಗೆ ಕರೆ ಹಿಡಿಯುತ್ತದೆಂದು. ರೀಡಿನ ಮೇಲೆ ಅಷ್ಟು ಅಕ್ಕರೆ. ಆಷಾಢದಲ್ಲಿ ಮದುವೆ ಇಲ್ಲದ್ದರಿಂದ ಆ ತಿಂಗಳು ಬಾಯಿ ಬರಿದಾಗಿರುತ್ತಲೇ ಇರಲಿಲ್ಲ.

ಈ ಕಡೆಯ ಸ್ಯಾಕ್ಸೊಫೋನ್‌ನವರಿಗೆಲ್ಲ ‘ಸೀಸನ್ ಹುಣ್ಣು’ ಗೊತ್ತು. ಮದುವೆಗಳು ಒತ್ತೊತ್ತಾಗಿ ಬಂದರೆ ಕೆಳತುಟಿಯ ಒಳಗೆ ಹಲ್ಲು ಒತ್ತಿ ಹುಣ್ಣಾಗುತ್ತದೆ. ಯಾರೂ ಅದಕ್ಕೆ ಔಷಧಿ ಮಾಡುವುದಿಲ್ಲ. ಹಲ್ಲಿನ ಮೇಲೆ ಮಡಿಸಿದ ಕಾಗದ ಇಟ್ಟುಕೊಂಡು ನುಡಿಸುತ್ತಾರೆ. ಆಷಾಢ ಬಂದರೆ ತುಟಿಗೆ ರಜೆ, ಹುಣ್ಣು ತಾನೇ ಮಾಯುತ್ತದೆ. ನನಗೂ ಎರಡು ಸಲ ಆಗಿ ಮಾಯ್ದಿದೆ, ಒಂದು ಒಂಬತ್ತು ದಿನಕ್ಕೆ, ಇನ್ನೊಂದು ಹದಿಮೂರು ದಿನಕ್ಕೆ.

ಹೋದ ವರ್ಷದ ಮಾರ್ಚಿನ ಮೊದಲ ಭಾನುವಾರ ನಾನು ಕಾಲಂಗಳ ಕೆಳಗೆ ಬರೆದದ್ದು ಇಷ್ಟು: “ಮೇ. ಇವತ್ತು ಎರಡು ರೀಡ್ ಬಿಸಾಡಿದರು. ತುಟಿಗೆ ಸೀಸನ್ ಹುಣ್ಣು. ಮೂರನೇ ನಂಬರ್ ಬೇಡ, ಎರಡೂವರೆ ಕೊಡು ಎಂದರು.”

ಮೊದಲ ಸಲ ನೋಡಿದಾಗ ಅದು ಅಕ್ಕಿ ಕಾಳಿನಷ್ಟಿತ್ತು.

ಏಪ್ರಿಲಿನಲ್ಲಿ ವಾರಕ್ಕೆ ನಾಲ್ಕು ರೀಡ್ ಬಿಸಾಡಿದರು. ಮೇ ತಿಂಗಳಲ್ಲಿ ಎರಡನೇ ನಂಬರಿಗೆ ಇಳಿದರು. ಗಾಳಿ ಸೋರುತ್ತಿದೆ ಎಂದು ಕಾರ್ಕ್ ಬದಲಾಯಿಸಿದೆವು. ಮೌತ್‌ಪೀಸಿನ ತಳ ಸವೆದಿದೆಯೇನೋ ಎಂದು ಎಮರಿ ಕಾಗದವನ್ನು ಗಾಜಿನ ಮೇಲೆ ಹಾಸಿ ಉಜ್ಜಿದೆವು. ಕ್ಲಿಪ್ಪು ಬಿಟ್ಟು ರೇಷ್ಮೆ ದಾರ, ದಾರ ಬಿಟ್ಟು ಮತ್ತೆ ಕ್ಲಿಪ್ಪು. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿಯೊಂದನ್ನೂ ಬರೆದೆ. ಅವರು ಟಪ್ ಸದ್ದಿಗಾಗಿ ಗಾಳಿ ಎಳೆದರೆ ತುಟಿಯ ಮೂಲೆಯಲ್ಲಿ ಸುಯ್ ಎಂದು ಸೋರುತ್ತಿತ್ತು. ಅದೇ ಮೌತ್‌ಪೀಸನ್ನು ನಾನು ಎಳೆದರೆ ಟಪ್ ಎನ್ನುತ್ತಿತ್ತು. ಅದನ್ನೂ ಬರೆದೆ: “ಮೇ.: ಸದ್ದಿಲ್ಲ. ನಾನು: ಮೂರು ಕ್ಷಣ.” ಬರೆದು ಪುಟ ಮಗುಚಿದೆ.

ಕಾರ್ಖಾನೆಯಲ್ಲಿ ಒಂದೇ ಮಷೀನಿನಿಂದ ಬಂದ ಎಲ್ಲ ಅಂಗಿಗಳಲ್ಲೂ ಒಂದೇ ತಪ್ಪು ಕಂಡರೆ ನಾನು ಬಟ್ಟೆಯನ್ನು ಬೈಯುವುದಿಲ್ಲ. ನೇರ ಮಷೀನಿನ ಹತ್ತಿರ ಹೋಗುತ್ತೇನೆ. ಶಿಡ್ಲಘಟ್ಟದ ಆ ಕೋಣೆಯಲ್ಲಿ ಮಾತ್ರ ಇಪ್ಪತ್ತೆರಡು ವಾರ ಬಟ್ಟೆಯನ್ನೇ ಬೈದೆ.

ಆಷಾಢ ಬಂತು. “ಇನ್ನೇನು, ಹೋಗುತ್ತೆ ಬಿಡು” ಎಂದರು ಮೇಷ್ಟ್ರು, ಎಲೆಗೆ ಸುಣ್ಣ ಹಚ್ಚುತ್ತಾ. ಮೊದಲ ಭಾನುವಾರ: ಹುಣ್ಣು ಇದೆ. ಎರಡನೇ ಭಾನುವಾರ: ಇದೆ. ಮೂರನೇ ಭಾನುವಾರ: ಇದೆ, ಅಂಚು ಗಟ್ಟಿ. ನಾಲ್ಕನೇ ಭಾನುವಾರ ಅವರು ಒಂದೂವರೆ ನಂಬರಿನ ರೀಡನ್ನು ಬ್ಲೇಡಿನಲ್ಲಿ ಇನ್ನೂ ಹೆರೆಯುತ್ತಿದ್ದರು. ನಮ್ಮಲ್ಲಿ ಒಂದೂವರೆ ಕೊಡುವುದು ಹೊಸದಾಗಿ ಕಲಿಯುವವರಿಗೆ.

“ಮೇಷ್ಟ್ರೇ, ಯಾರಿಗಾದ್ರೂ ತೋರಿಸ್ಬಾರ್ದಾ?”

“ಯಾವ್ದನ್ನ? ರೀಡ್‌ನಾ?”

ನಾನು ಅವರ ತುಟಿಯ ಕಡೆ ನೋಡಿದೆ. ಅವರು ಬೇರೆ ಕಡೆ ನೋಡಿದರು. ಮನುಷ್ಯನನ್ನು ಕಡೆಗೆ ನೋಡಬೇಕು ಎಂದು ಕಲಿಸಿದವರ ಎದುರಿಗೆ, ನಿಮ್ಮ ಬಾಯಿ ತೋರಿಸಿ ಎನ್ನಲು ನನಗೆ ನಾಲಿಗೆ ಏಳಲಿಲ್ಲ. “ಹೌದು, ರೀಡ್‌ನೇ” ಎಂದೆ. ಆ ಎರಡು ಪದಗಳನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದಿಲ್ಲ. ಬರೆಯದೆಯೂ ನೆನಪಿವೆ.

ಶ್ರಾವಣದ ಮೊದಲ ಮದುವೆ ಚಿಂತಾಮಣಿಯಲ್ಲಿ. ಮುಹೂರ್ತದ ನಂತರ ಮೇಷ್ಟ್ರು ರೀಡ್ ಬಿಚ್ಚಿ ಒರೆಸಿದರು. ತುದಿ ಕೆಂಪಗಿತ್ತು. “ಎಲೆ ಅಡಿಕೆ ಕಣಮ್ಮ” ಎಂದರು. ನಾನು ಹಾಗೆಯೇ ಬರೆದುಕೊಂಡೆ. ವಾಪಸ್ ಬರುವಾಗ ಅವರು ಶಿಡ್ಲಘಟ್ಟದಲ್ಲಿ ಇಳಿದುಕೊಂಡರು, ನಾನು ಅದೇ ಬಸ್ಸಿನಲ್ಲಿ ಮುಂದೆ ಹೋದೆ. ಚಿಕ್ಕಬಳ್ಳಾಪುರ ಬರುವ ಹೊತ್ತಿಗೆ ಬರೆದದ್ದನ್ನು ಓದಿದೆ. ನುಡಿಸುವ ದಿನ ಅವರು ಎಲೆ ಅಡಿಕೆ ಮುಟ್ಟುವುದಿಲ್ಲ. ಎಪ್ಪತ್ತಕ್ಕೂ ಹೆಚ್ಚು ಭಾನುವಾರ ನೋಡಿದ ನನಗೆ ಅದು ಗೊತ್ತು. ಬಸ್ಸಿಳಿದು ವಾಪಸ್ ಶಿಡ್ಲಘಟ್ಟದ ಬಸ್ಸು ಹಿಡಿದೆ.

ಮಾರನೇ ದಿನ ಅವರನ್ನು ಹೊರಡಿಸಿಕೊಂಡು ಹೋದೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಟಾರ್ಚು ಹಿಡಿದು ನೋಡಿ, ಎಷ್ಟು ದಿನದಿಂದ ಇದೆ ಎಂದು ಕೇಳಿದರು. ಮೇಷ್ಟ್ರು, “ಸೀಸನ್‌ನಿಂದ ಸಾರ್” ಎಂದರು. ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ನೋಟ್‌ಬುಕ್ ತೆಗೆದು, ಮಾರ್ಚಿನ ಮೊದಲ ಭಾನುವಾರದಿಂದ ಇಪ್ಪತ್ತೆರಡು ವಾರ ಎಂದು ಹೇಳಿದೆ. ಡಾಕ್ಟರು ಪುಟ ತಿರುವಿದರು. ಹುಣ್ಣಿನ ಅಳತೆ, ರೀಡಿನ ನಂಬರ್, ವಾರವಾರದ ಲೆಕ್ಕ.

“ಇಷ್ಟು ಚೆನ್ನಾಗಿ ಬರೆದಿಟ್ಟಿದೀರಲ್ಲ. ಆವಾಗ್ಲೇ ಯಾಕಮ್ಮ ಕರ್ಕೊಂಡ್ ಬರ್ಲಿಲ್ಲ?”

ಅವರು ಗದರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದರು. ಮೇಷ್ಟ್ರು ಆಗಲೂ ನನ್ನನ್ನು ಬಿಟ್ಟುಕೊಡಲಿಲ್ಲ. “ಅವಳು ರೀಡ್ ನೋಡ್ತಿದ್ಲು ಸಾರ್. ನಾನೇ ರೀಡ್ ನೋಡು ಅಂದಿದ್ದೆ” ಎಂದರು.

ಕೆಳತುಟಿಯನ್ನೂ ದವಡೆಯ ಒಂದು ಭಾಗವನ್ನೂ ತೆಗೆದರು. ಕ್ಯಾನ್ಸರ್ ಕತ್ತಿನ ಗಂಟುಗಳಿಗೂ ಹಬ್ಬಿತ್ತು. ಮನೆಗೆ ಬಂದ ಮೇಲೆ ಮಾತಿಲ್ಲ, ಮೂಗಿನ ನಳಿಕೆಯಲ್ಲಿ ಗಂಜಿ ನೀರು. ಜೊಲ್ಲು ಒರೆಸಿಕೊಳ್ಳಲು ಹೆಗಲ ಮೇಲೆ ಟವೆಲ್ಲು. ಆಗಲೂ ಯಾರಾದರೂ ಸ್ಯಾಕ್ಸೊಫೋನ್ ತಂದರೆ ರೀಡನ್ನು ಬೆಳಕಿಗೆ ಹಿಡಿದು, ಬೆರಳ ತುದಿಯಿಂದ ಸವರಿ, ಇದು ಸರಿ, ಇದು ಬೇಡ ಎಂದು ತಲೆಯಾಡಿಸುತ್ತಿದ್ದರು. ಮೌತ್‌ಪೀಸನ್ನು ಅಭ್ಯಾಸಬಲದಿಂದ ಬಾಯಿಯ ಹತ್ತಿರ ತಂದು, ಅರ್ಧದಲ್ಲಿ ನಿಲ್ಲಿಸಿ, ನನ್ನ ಕೈಗೆ ಕೊಡುತ್ತಿದ್ದರು. ನಾನು ಗಾಳಿ ಎಳೆದು ಬಿಡುತ್ತಿದ್ದೆ. ಟಪ್ ಎಂದಾಗ ಅವರ ಹುಬ್ಬು ಮೇಲೆ ಹೋಗುತ್ತಿತ್ತು. ಹೀಗೆ ಒಂಬತ್ತು ವಾದ್ಯ ನೋಡಿದೆವು.

ಒಂದು ಮಧ್ಯಾಹ್ನ ನೋಟ್‌ಬುಕ್ ಕೇಳಿದರು, ಕೈಸನ್ನೆಯಲ್ಲಿ. ತಮ್ಮದೇ ಪುಟಗಳಿಗೆ ಹೋದರು. ರೀಡಿನ ಕಾಲಂನಲ್ಲಿ ‘ಮೂರು’ ಎಂದಿದ್ದ ಕಡೆ ಬೆರಳಿಟ್ಟು, ಒಂದೊಂದೇ ಸಾಲು ಕೆಳಗೆ ಇಳಿಸುತ್ತಾ ‘ಒಂದೂವರೆ’ಯ ಹತ್ತಿರ ನಿಲ್ಲಿಸಿದರು. ಆಮೇಲೆ ಬೆರಳನ್ನು ಅಡ್ಡಕ್ಕೆ ಸರಿಸಿ ಐದನೇ ಕಾಲಂಗೆ ತಂದರು. ಅಲ್ಲಿ ಏನೂ ಇರಲಿಲ್ಲ. ನನ್ನನ್ನೊಮ್ಮೆ ನೋಡಿ, ಪುಸ್ತಕ ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತರು. ಅವರಿಗೆ ಮೊದಲೇ ಗೊತ್ತಿತ್ತೇ? ಎಲ್ಲರ ಬಾಯಿಯ ಸಂಗತಿಯನ್ನೂ ಮುಚ್ಚಿಟ್ಟವರು ತಮ್ಮದನ್ನೂ ಮುಚ್ಚಿಟ್ಟರೇ? ನನಗೆ ತಿಳಿಯದು. ಕೇಳುವ ಧೈರ್ಯವೂ ಬರಲಿಲ್ಲ. ಫೆಬ್ರವರಿಯಲ್ಲಿ, ಮದುವೆಗಳು ಜೋರಾಗಿ ನಡೆಯುತ್ತಿದ್ದ ವಾರ, ಹೋದರು.

ಡಬ್ಬಿ ಕೊಟ್ಟ ದಿನ ದೊಡ್ಡಮ್ಮ ಹೇಳಿದರು: “ಶಿವರಾತ್ರಿ ಮುಗಿದಾಗಿಂದ ಸಾರಿಗೆ ಖಾರ ಕಮ್ಮಿ ಹಾಕು, ಕಮ್ಮಿ ಹಾಕು ಅಂತಿದ್ರಮ್ಮ. ಮುದ್ದೆ ಬಿಸಿ ಆರಿಸ್ಕೊಂಡ್ ತಿಂತಿದ್ರು. ನಾನು ವಯಸ್ಸಾಯ್ತಲ್ಲ, ಹೊಟ್ಟೆಗೆ ಆಗಲ್ವೇನೋ ಅನ್ಕೊಂಡೆ.” ಆಮೇಲೆ ಡಬ್ಬಿಯ ಮುಚ್ಚಳ ಒತ್ತಿ, “ನಂಗೆ ಖಾರ ಗೊತ್ತಿತ್ತು, ನಿಂಗೆ ರೀಡ್ ಗೊತ್ತಿತ್ತು. ಇಬ್ರೂ ಒಂದಿನ ಕೂತು ಮಾತಾಡ್ಲಿಲ್ಲ ನೋಡು. ಏಮಿ ಚೇಸ್ತಾಂ, ಏನ್ ಮಾಡಕ್ಕಾಗುತ್ತೆ, ಎಲ್ಲಾ ಆಗೋಯ್ತು” ಎಂದರು. ಭಾನುವಾರ ಬಂದಾಗೆಲ್ಲ ಅವರ ಕೈಯ ಸಾರು ಉಂಡವಳು ನಾನು. ನನ್ನ ತಟ್ಟೆಗೂ ಅದೇ ಸಪ್ಪೆ ಸಾರು ಬರುತ್ತಿತ್ತು. ಅದಕ್ಕೆ ನನ್ನಲ್ಲಿ ಕಾಲಂ ಇರಲಿಲ್ಲ.

ಈಗ ವಾದ್ಯದವರು ನನ್ನ ಹತ್ತಿರ ಬರುತ್ತಾರೆ. ಗೌರಿಬಿದನೂರಿನ ನನ್ನ ರೂಮಿಗೆ, ಭಾನುವಾರ. ನಾನು ಕ್ರಮವನ್ನು ತಿರುಗಿಸಿದ್ದೇನೆ. ಮೊದಲು ಊದುವವರು, ಆಮೇಲೆ ರೀಡ್. ಇವತ್ತಿನವರೆಗೆ ಬಂದವರು ಹನ್ನೊಂದು ಮಂದಿ. ಬಾಯಿ ತೆರೆದು ತೋರಿಸಿದವರು ಇಬ್ಬರು.

ಹೋದ ಭಾನುವಾರ ಕೆಂಚಾರ್ಲಹಳ್ಳಿಯವರು ಬಂದಿದ್ದರು. ಸ್ಯಾಕ್ಸೊಫೋನ್ ಪೆಟ್ಟಿಗೆ ಇಳಿಸಿ, ಬೆವರು ಒರೆಸಿಕೊಂಡು, “ನಾದ ಏಳ್ತಿಲ್ಲಮ್ಮ” ಎಂದರು.

“ಅಣ್ಣಾ, ಒಂದ್ಸಲ ಬಾಯಿ ತೆಗೀರಿ. ತುಟಿ ನೋಡ್ತೀನಿ.”

“ತುಟಿ ಯಾಕಮ್ಮಾ?”

“ಹುಣ್ಣೇನಾದ್ರೂ ಇದೆಯಾ ಅಂತ.”

“ಸೀಸನ್ ಅಲ್ವಾ, ಇರುತ್ತೆ. ಎಲ್ರಿಗೂ ಇರುತ್ತೆ.”

“ಎಷ್ಟು ದಿನದಿಂದ ಅಣ್ಣಾ? ತೋರಿಸಿ ಒಂದ್ ನಿಮಿಷ. ಮೇಷ್ಟ್ರಿಗೂ ಹಿಂಗೇ…”

ಅವರ ಮುಖ ಕೆಂಪಾಯಿತು. “ನೀನೇನು ಹಲ್ಲಿನ ಡಾಕ್ಟ್ರಾ? ಮೊನ್ನೆ ಮೊನ್ನೆ ಊದಕ್ಕೆ ಕಲ್ತೋಳು. ಮೇಷ್ಟ್ರು ಇದ್ರಲ್ಲ, ಪುಣ್ಯಾತ್ಮ, ಒಂದಿನಾನೂ ನನ್ನನ್ನ ಬಾಯಿ ತೆಗಿ ಅನ್ಲಿಲ್ಲ. ರೀಡ್ ನೋಡೋರು, ಸರಿ ಮಾಡೋರು, ಕಳಿಸೋರು. ಅದು ಮರ್ಯಾದೆ ಅಂದ್ರೆ.” ಪೆಟ್ಟಿಗೆ ಎತ್ತಿಕೊಂಡರು. ನಾನು ಬಾಗಿಲ ತನಕ ಹೋಗಿ ಕೈಮುಗಿದು ಕೇಳಿದೆ. ಮೆಟ್ಟಿಲಿಳಿಯುತ್ತಾ ಅವರು ತಿರುಗಿ, ಸ್ವಲ್ಪ ಮೆತ್ತಗಾಗಿ ಹೇಳಿದರು:

“ಈ ಬ್ಯಾಚೇ ಸರಿ ಇಲ್ಲ ಕಣಮ್ಮ. ಎರಡನೇ ನಂಬರ್ ಇದ್ರೆ ಒಂದ್ ನಾಕು ಕೊಡು, ಸಾಕು. ಎರಡೂವರೆ ಆಗ್ತಿಲ್ಲ.”

ಮೇಷ್ಟ್ರ ಡಬ್ಬಿಯಲ್ಲಿ ಎರಡನೇ ನಂಬರಿನವು ಇಪ್ಪತ್ತಮೂರು ಇದ್ದವು. ಎಲ್ಲವೂ ಚೆನ್ನಾಗಿರುವವು. ಕೊಡುವುದಿಲ್ಲ, ಮೊದಲು ಆಸ್ಪತ್ರೆಗೆ ನಡೆಯಿರಿ ಎನ್ನಬೇಕಿತ್ತು. ಎಂದೆ ಕೂಡ. ಅವರು ನಕ್ಕು ಬಸ್ ಸ್ಟ್ಯಾಂಡಿನ ಕಡೆ ಹೊರಟುಹೋದರು. ಎರಡನೇ ನಂಬರ್ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ.

ನೋಟ್‌ಬುಕ್ ತೆಗೆದು ಸಾಲು ತುಂಬಿದೆ. ರೀಡ್: ಎರಡೂವರೆಯಿಂದ ಎರಡಕ್ಕೆ. ಮೌತ್‌ಪೀಸ್, ಕ್ಲಿಪ್, ಕಾರ್ಕ್: ನೋಡಲಿಲ್ಲ. ಐದನೇ ಕಾಲಂನಲ್ಲಿ ಪೆನ್ನು ಊರಿಕೊಂಡು ಬಹಳ ಹೊತ್ತು ಕೂತಿದ್ದೆ. ಕೊನೆಗೆ ಬರೆದದ್ದು ಇಷ್ಟೇ: ತೋರಿಸಲಿಲ್ಲ.